ಕಾಳವ್ವ ನೇಯ್ದ ಜಮಖಾನೆ

“ಜಮಖಾನಿ ಅರಮನಿಗೆ ಕೊಡಬ್ಯಾಡ. ನಮ್ಮ ಪಡಸಾಲ್ಯಾಗ ಹಾಸು.”

ಬಹಳ ಹಿಂದೆ, ಮುತ್ತಿನಕೋಟೆ ಎಂಬ ರಾಜ್ಯದಲ್ಲಿ, ಕಾಳವ್ವ ಎಂಬ ನೇಕಾರಳು ತನ್ನ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಗಂಡನ ಹೆಸರು ಮೋನಪ್ಪ. ಬಡಿಗ. ಅವನದು ಮಾತು ಕಡಿಮೆ. ಹೂಂ ಅಂದ. ನೀರು ತರಲು ಒಳಗೆ ಹೋದ. ತಂಬಿಗೆ ಹಿಡಿದು ಬಂದಾಗ ಅವಳಿರಲಿಲ್ಲ. ಮೈ ಇತ್ತು, ಅವಳಿರಲಿಲ್ಲ.

ಜಮಖಾನೆ ಮಗ್ಗದ ಮೇಲೆಯೇ ಇತ್ತು. ಮೂರು ಬಣ್ಣ. ಮೊದಲು ನೇಯ್ದದ್ದು ಕೆಂಪು. ಅದರ ನಡುವೆ ಪಗಡೆ ಆಡುವ ಮನೆಗಳನ್ನು ತೆಗೆದಿದ್ದಳು. ಆಮೇಲೆ ನೀಲಿ. ಕಡೆಗೆ ಹಸಿರು. ಹಸಿರಿನ ಕೊನೆಯ ಎಳೆ ಹಾಕಿ ಮುಗಿಸಿದ ದಿನವೇ ಹಾಸಿಗೆ ಹಿಡಿದಿದ್ದಳು.

ಮೋನಪ್ಪ ಹೆಂಡತಿಯನ್ನು ಮಣ್ಣು ಮಾಡಿ ಬಂದು ಕಾಲು ತೊಳೆಯುತ್ತಿದ್ದ. ಅಷ್ಟರಲ್ಲಿ, ಮೊದಲೊಮ್ಮೆ ಮಗ್ಗ ನೋಡಿ ಹೋಗಿದ್ದ ಅರಮನೆಯ ಆಳುಗಳು ಬಂದರು. ದೊರೆ ದಿವಾನಖಾನೆಯನ್ನು ಹೊಸದು ಮಾಡಿಸುತ್ತಿದ್ದಾನೆ, ಈ ಜಮಖಾನೆ ಅಲ್ಲಿಗೆ ಬೇಕು ಅಂದರು. ಕೊಡಲ್ಲ ಅಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ, ಅವರಿಗೆ ಹೇಗೆ ಕೇಳಬೇಕು. ಮಗ್ಗದಿಂದ ಕೊಯ್ದು ಸುರುಳಿ ಸುತ್ತಿ ಒಯ್ದರು. ಒಂದು ರೇಷ್ಮೆ ಶಾಲು ಇಟ್ಟು ಹೋದರು. ಶಾಲು ಹೊದೆಯುವವಳು ಯಾರು ಅಂತ ಅವರು ನೋಡಲಿಲ್ಲ.

ಆ ರಾಜ್ಯದ ದೊರೆ ತೇಜಪಾಲ. ಕೆಟ್ಟವನೇನಲ್ಲ. ಎಲ್ಲವೂ ಒಂದಕ್ಕೊಂದು ಒಪ್ಪಬೇಕು ಅನ್ನುವ ಹುಚ್ಚು ಅವನಿಗೆ. ಹಿರಿಯರ ಕಾಲದ ಕುರ್ಚಿ, ಮಂಚ ಎಲ್ಲ ಹೊರಗೆ ಹಾಕಿಸಿದ. ಕಾಳವ್ವನ ಜಮಖಾನೆ ಹಾಸಿಸಿದ. ಇದಕ್ಕೆ ಒಪ್ಪುವ ಸಾಮಾನು ತನ್ನಿ ಅಂದ. ನಾಡಿನ ಬಡಿಗರೆಲ್ಲ ತಂದರು. ಹಸಿರಿಗೆ ಒಪ್ಪಿದ್ದು ನೀಲಿಗೆ ಒಪ್ಪಲಿಲ್ಲ. ನೀಲಿಗೆ ಒಪ್ಪಿದ್ದು ಕೆಂಪಿಗೆ ಒಪ್ಪಲಿಲ್ಲ. ದೊರೆ ಊಟ ಬಿಟ್ಟ.

ಆಗ ಬಂದವನು ಮಾಟಗಾರ ಮರುಳಾಕ್ಷ. ಬಣ್ಣಕ್ಕೊಂದು ಸಾಮಾನು ತರುತ್ತೇನೆ, ಬಣ್ಣದಲ್ಲೇ ಹುಟ್ಟಿದ ಹಾಗೆ ಕಾಣುತ್ತದೆ ಅಂದ. ಹೇಳಿದಂತೆ ತಂದ. ಹಸಿರಿನ ಮೇಲೆ ಒಂದು ಕುರ್ಚಿ. ನೀಲಿಯ ಮೇಲೆ ಒಂದು ಉದ್ದನೆ ಬೆಂಚು. ಕೆಂಪಿನ ಮೇಲೆ ಒಂದು ದೊಡ್ಡ ಮಂಚ. ನೋಡಿದವರೆಲ್ಲ ಬಾಯಿ ಬಿಟ್ಟರು. ಮಂತ್ರಿ ಕುರ್ಚಿಯಲ್ಲಿ ಕೂತ. ಸೇನಾಪತಿ ಬೆಂಚಿನ ಮೇಲೆ ಕೂತ. ದೊರೆ ಮಂಚದ ಮೇಲೆ ಕೂತ. ಕೂತವರು ಏಳಲಿಲ್ಲ. ಏಳಲು ಆಗಲಿಲ್ಲ.

ಅಂದಿನಿಂದ ರಾಜ್ಯ ಮರುಳಾಕ್ಷನದು. ಹೊಲದ ಕಾಳೆಲ್ಲ ಅವನ ಕಣಜಕ್ಕೆ ಹೋಯಿತು. ಸೊಲ್ಲೆತ್ತಿದವರು ಅವನ ಮನೆಗೆ ಕಂಬವಾದರು, ಬಾಗಿಲಾದರು.

ದೊರೆಯ ಮಗಳು ಚಂಪಾದೇವಿ ಡಂಗುರ ಸಾರಿಸಿದಳು. ಯಾರಿಂದಲೂ ಆಗದು ಅಂತ ಮರುಳಾಕ್ಷ ತಡೆಯಲಿಲ್ಲ. ನನ್ನ ತಂದೆಯನ್ನು ಎಬ್ಬಿಸಿದವರಿಗೆ ಅವರು ಕೇಳಿದ್ದು ಕೊಡುತ್ತೇನೆ. ಪೈಲವಾನರು ಬಂದರು, ಎಳೆದರು, ಸೋತರು. ಮಂತ್ರವಾದಿಗಳು ಬಂದರು, ಅವರೂ ಸೋತರು. ಕಡೆಗೆ ಮೋನಪ್ಪ ಬಂದ.

ಏನು ಬೇಕು ಅಂತ ಚಂಪಾದೇವಿ ಮೊದಲೇ ಕೇಳಿದಳು.

“ರಾಜ್ಯ ಬ್ಯಾಡವ್ವ. ನಿಮ್ಮಪ್ಪನ ಕಾಲಾಗ ಬಿದ್ದೈತಲ್ಲ, ಆ ಜಮಖಾನಿ ಬೇಕು. ಅದು ನನ್ನ ಹೆಂಡತೀದು.”

ಎಬ್ಬಿಸಿದರೆ ಅದು ನಿನ್ನದೇ ಅಂತ ಅವಳು ಮಾತು ಕೊಟ್ಟಳು.

ಮರುಳಾಕ್ಷ ದಿವಾನಖಾನೆಯ ಮೂಲೆಯಲ್ಲಿ ವೀಳ್ಯ ಜಗಿಯುತ್ತಾ ನಿಂತಿದ್ದ. ಮೋನಪ್ಪ ಜಮಖಾನೆಯ ತುದಿ ಹಿಡಿದು ಜಗ್ಗಿದ. ಎಳ್ಳಷ್ಟೂ ಅಲುಗಲಿಲ್ಲ. ಮರುಳಾಕ್ಷ ನಕ್ಕ. “ಹೆಂಡತಿ ಹೋದಳು ಅಂತ ಈಗ ಹಾಸಿಗೆ ಜಗ್ಗುತ್ತಾನೆ ನೋಡಿ” ಅಂದ. ಮೋನಪ್ಪ ತಲೆ ಎತ್ತಲಿಲ್ಲ. ಅವನಿಗೆ ಮಾತು ತಾಗಿತ್ತು. ತಾಗಿದ್ದನ್ನು ತೋರಿಸಲಿಲ್ಲ.

ಅವನು ಕುರ್ಚಿಯ ಹತ್ತಿರ ಕೂತು ಅದರ ಕಾಲು ಮುಟ್ಟಿ ನೋಡಿದ. ಎಲ್ಲೂ ಕೀಲು ಇಲ್ಲ, ಮೊಳೆ ಇಲ್ಲ. ಮರ ಬೆಚ್ಚಗಿತ್ತು. ಯಾರು ನೀನು ಅಂತ ಕೇಳಿದ.

ನಾನು ಹುಲಿ, ಅಂದಿತು ಕುರ್ಚಿ. ಮಾಟಗಾರ ಕರೆದ ಕಡೆ ಬಂದೆ, ಈ ಹಸಿರು ನೋಡಿ ನನ್ನ ಕಾಡು ಅಂತ ಕಾಲಿಟ್ಟೆ. ಮಾಟ ಬಿತ್ತು. ಈ ಬಣ್ಣ ಕಾಲಡಿ ಇರುವವರೆಗೆ ಇದಕ್ಕೆ ಒಪ್ಪಿಕೊಂಡು ನಿಲ್ಲಬೇಕು. ಹಸಿರು ಹೋದರೆ ಕಾಲೆತ್ತುತ್ತೇನೆ.

ಮೋನಪ್ಪ ಯೋಚಿಸಿದ. ಹಸಿರು ಹೋದರೂ ನೀಲಿ, ಕೆಂಪು ಉಳಿಯುತ್ತದೆ. ನಮ್ಮ ಪಡಸಾಲೆ ಎಷ್ಟು ದೊಡ್ಡದಿದೆ? ಅಷ್ಟು ಸಾಕು. ದಾರದ ತುದಿ ಹುಡುಕಿದ. ಬಿಚ್ಚತೊಡಗಿದ.

ಎಳೆ ಬಿಚ್ಚಿದಂತೆ ಅದನ್ನು ನೇಯ್ದ ದಿನ ಅವನ ಮುಂದೆ ಬಂದು ನಿಂತಿತು. ಕಾಳವ್ವ ಮಗ್ಗಕ್ಕೆ ತಲೆ ಆನಿಸಿ ಕೆಮ್ಮುತ್ತಿದ್ದಳು. ಅವನೇ ಹಿಂದಿನಿಂದ ಅವಳ ಬೆನ್ನು ಹಿಡಿದು ಕೂತಿದ್ದ. ಬೇಡ, ಬಿಡು ಅಂದರೆ ಅವಳು ಬಿಟ್ಟಿರಲಿಲ್ಲ. ಎಳೆ ಪೂರ್ತಿ ಬಂದೊಡನೆ ಆ ದಿನವೂ ಹೋಯಿತು. ಮತ್ತೆ ನೆನೆಯಲು ಹೋದರೆ ಬರಲಿಲ್ಲ. ಕಡೆಯ ಹಸಿರು ಬಿಚ್ಚಿದ್ದೇ ಕುರ್ಚಿ ಮೈ ಕೊಡವಿ ಹುಲಿಯಾಯಿತು. ಹಸಿರು ದಾರವನ್ನು ಕಾಲಿಗೆ ಸುತ್ತಿಕೊಂಡೇ ಕಿಟಕಿ ಹಾರಿ ಕಾಡಿಗೆ ಹೋಯಿತು. ಮಂತ್ರಿ ಎದ್ದ. ಕೃತಜ್ಞತೆ ಹೇಳಲಿಲ್ಲ, ಓಡಿದ.

ಮೋನಪ್ಪ ಬೆಂಚಿನ ಹತ್ತಿರ ಹೋದ. ಯಾರು ನೀನು ಅಂತ ಕೇಳಿದ.

ನಾನು ಮೊಸಳೆ, ಅಂದಿತು ಬೆಂಚು. ಈ ನೀಲಿ ನೋಡಿ ನನ್ನ ಹೊಳೆ ಅಂತ ಕಾಲಿಟ್ಟೆ. ನೀಲಿ ಹೋದರೆ ಕಾಲೆತ್ತುತ್ತೇನೆ.

ಮೋನಪ್ಪ ಮತ್ತೆ ಯೋಚಿಸಿದ. ಕೆಂಪು ಉಳಿಯುತ್ತದೆ. ಪಗಡೆ ಉಳಿಯುತ್ತದೆ. ಒಬ್ಬ ಕೂರಲು ಎಷ್ಟು ಬೇಕು? ಅಷ್ಟು ಸಾಕು. ಬಿಚ್ಚತೊಡಗಿದ.

ನೀಲಿಯ ದಿನಗಳು ಬಂದವು. ಕಾಳವ್ವ ನೂಲಿಗೆ ಬಣ್ಣ ಹಾಕಿ ಮೊಣಕೈವರೆಗೆ ನೀಲಿಯಾಗಿದ್ದಳು. ಆ ಕೈಯಿಂದಲೇ ಅವನಿಗೆ ಸಾರು ಬಡಿಸಿದ್ದಳು. ಅವನು ಮುಖ ಸಿಂಡರಿಸಿದ್ದಕ್ಕೆ, ಉಣ್ಣದಿದ್ದರೆ ಎದ್ದೇಳು ಅಂದಿದ್ದಳು. ಅವನು ಎದ್ದಿರಲಿಲ್ಲ, ಉಂಡಿದ್ದ. ಆ ದಿನಗಳೂ ಹೋದವು. ಬೆಂಚು ಮೊಸಳೆಯಾಯಿತು. ನೀಲಿ ದಾರ ಎಳೆದುಕೊಂಡು ಮೆಟ್ಟಿಲಿಳಿದು ಹೊಳೆಗೆ ಹೋಯಿತು. ಸೇನಾಪತಿ ಮಂತ್ರಿಗಿಂತ ಜೋರಾಗಿ ಓಡಿದ.

ಈಗ ಮರುಳಾಕ್ಷ ವೀಳ್ಯ ಉಗಿದ. ಮೋನಪ್ಪನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಎರಡು ಬಣ್ಣ ಹೋಗಿ ಅವನ ಮಾಟದ ಬಲ ಇಳಿದಿತ್ತು, ದನಿ ಮೆತ್ತಗಾಗಿತ್ತು.

“ಬಡಿಗ, ನನಗೂ ನಿನಗೂ ಜಗಳವಿಲ್ಲ. ಮಂಚವನ್ನು ನಾನೇ ಎತ್ತಿ ಪಕ್ಕಕ್ಕಿಡುತ್ತೇನೆ, ನಾನು ಎತ್ತಿದರೆ ಮಾಟ ಬಿಡುವುದಿಲ್ಲ. ಈ ಕೆಂಪು ತುಂಡನ್ನು ಹಾಗೇ ಒಯ್ಯಿ. ಒಂದು ಎಳೆಯೂ ಹೋಗುವುದಿಲ್ಲ. ದೊರೆ ಕೂತಲ್ಲೇ ಕೂತಿರಲಿ, ನಿನಗೇನು?”

ನನಗೇನು, ಅಂದುಕೊಂಡ ಮೋನಪ್ಪ. ಹೌದು, ನನಗೇನು. ಇವನು ಕೂತರೆಷ್ಟು, ಎದ್ದರೆಷ್ಟು. ಎತ್ತು, ಅಂದ.

ಮಂಚದ ಮೇಲಿದ್ದ ದೊರೆ ಕೈಮುಗಿದ. ನೀನು ಹೋಗಬೇಡ, ತಪ್ಪಾಯಿತು, ನಿನ್ನ ಮನೆಯಲ್ಲಿ ಸಾವಾಗಿತ್ತು ಅಂತ ನನಗೆ ತಿಳಿಯಲಿಲ್ಲ ಅಂದ.

“ಕೇಳಿದ್ರ ಹೇಳ್ತಿದ್ದೆ, ದೊರಿ” ಅಂದ ಮೋನಪ್ಪ. ಮುಖ ತಿರುಗಿಸಿದ.

ಮರುಳಾಕ್ಷ ಮಂಚಕ್ಕೆ ಕೈ ಹಚ್ಚಿದ. ಆಗ ಮೋನಪ್ಪನ ಅಂಗೈಗೆ ತೇವ ತಾಗಿತು. ಮಂಚದ ಕಾಲಿನಿಂದ ನೀರು ಇಳಿದು ಕೆಂಪು ನೆನೆದಿತ್ತು. ಅವನು ಮರುಳಾಕ್ಷನ ಕೈ ಸರಿಸಿದ. ಯಾರು ನೀನು ಅಂತ ಕೇಳಿದ.

ನಾನು ಆನೆ, ಅಂದಿತು ಮಂಚ. ಈ ಕೆಂಪು ನೋಡಿ ನನ್ನ ಮಣ್ಣು ಅಂತ ಕಾಲಿಟ್ಟೆ. ನನ್ನ ಮರಿ ಕೆರೆ ದಂಡೆಯಲ್ಲಿದೆ. ಇಲ್ಲೇ ಇರು, ಬರುತ್ತೇನೆ ಅಂತ ಹೇಳಿ ಬಂದೆ.

“ಎಷ್ಟು ದೊಡ್ಡದವ್ವ?”

“ಇನ್ನೂ ಹಾಲು ಕುಡಿಯುವುದು.”

ಮೋನಪ್ಪ ಪಗಡೆಯ ಮನೆಗಳ ಮೇಲೆ ಬೆರಳಾಡಿಸಿದ. ಮರುಳಾಕ್ಷ ಏನೇನೋ ಹೇಳಿದ. ಬಂಗಾರದ ಮಗ್ಗ ಕೊಡುತ್ತೇನೆ ಅಂದ, ಹೊಸ ಹೆಂಡತಿಯನ್ನು ಕೊಡುತ್ತೇನೆ ಅಂದ. ಮೋನಪ್ಪ ಬಗ್ಗಿದ. ದಾರದ ತುದಿ ಹುಡುಕಿದ. ಈ ಸಲ ಮೆಲ್ಲಗೆ ಬಿಚ್ಚಿದ.

ಕೆಂಪಿನ ದಿನಗಳು ಬಂದವು. ಕಾಳವ್ವ ಗಟ್ಟಿಮುಟ್ಟಾಗಿದ್ದಳು. ಕಾಲು ಚಾಚಿ ಕೂತು ನೆಲದ ಮೇಲೆ ಸುಣ್ಣದಲ್ಲಿ ಪಗಡೆ ಮನೆ ಬರೆದಿದ್ದಳು. ಅವನು ಆಚೆ ನೋಡಿದಾಗ ತನ್ನ ಕಾಯಿ ಎರಡು ಮನೆ ಮುಂದೆ ಸರಿಸುತ್ತಿದ್ದಳು. ಅವನು ಕಂಡೂ ಕಾಣದ ಹಾಗೆ ಇರುತ್ತಿದ್ದ. ಗೆದ್ದು ನಗುತ್ತಿದ್ದಳು. ಹಾಸಿನ ಮೇಲೇ ಆಡುವ ಹಾಗೆ ನೇಯುತ್ತೇನೆ, ಸುಣ್ಣ ಉಳಿಯುತ್ತದೆ ಅಂದಿದ್ದಳು. ಅವನು ಒಂದೊಂದು ಎಳೆಗೂ ನಿಲ್ಲಿಸಿದ. ನಿಲ್ಲಿಸಿ ನೋಡಿದ. ಆಮೇಲೆ ಎಳೆದ. ಒಂದೊಂದೇ ಹೋದವು. ಅವಳು ಮೊದಲ ಎಳೆ ಹಾಕಿ ಹಿಂತಿರುಗಿ ಅವನನ್ನು ನೋಡಿದ ಗಳಿಗೆ ಕಡೆಗೆ ಬಂತು. ಅದನ್ನೂ ಎಳೆದ.

ಮಂಚ ಎದ್ದಿತು. ದೊರೆ ಉರುಳಿ ನೆಲಕ್ಕೆ ಬಿದ್ದ. ಆನೆ ಅವನನ್ನು ದಾಟಿ, ಕೆಂಪು ದಾರವನ್ನು ಸೊಂಡಿಲಿಗೆ ಸುತ್ತಿಕೊಂಡು ಬಾಗಿಲು ಮುರಿದು ಹೋಯಿತು. ಎಲ್ಲಿಗೆ ಅಂತ ಕೇಳಬೇಕಿರಲಿಲ್ಲ.

ಹಿಡಿಯಲು ಬಣ್ಣ ಉಳಿಯದ ಮಾಟ ತಿರುಗಿ ಮಾಡಿದವನಿಗೇ ಹತ್ತಿತು. ಮರುಳಾಕ್ಷ ಕುಕ್ಕರಗಾಲಲ್ಲಿ ಕೂತ ಹಾಗೇ ಒಂದು ಕಾಲುಮಣೆಯಾದ. ಯಾವ ಬಣ್ಣಕ್ಕೂ ಒಪ್ಪದ ಕಾಲುಮಣೆ. ಅವನ ಮನೆಯ ಕಂಬಗಳು, ಬಾಗಿಲುಗಳು ಮನುಷ್ಯರಾಗಿ ತಮ್ಮ ತಮ್ಮ ಮನೆಗೆ ಹೋದವು. ಅವನ ಕಣಜ ಒಡೆದು ಜನ ಕಾಳು ಹೊತ್ತರು. ಹಾದಿಯಲ್ಲಿ ಹಾಡಿದರು.

ದೊರೆ ಧೂಳು ಕೊಡವಿಕೊಂಡ. ಏನು ಬೇಕು ಕೇಳು ಅಂದ.

“ಜಮಖಾನಿ.”

ದೊರೆ ನೆಲ ನೋಡಿದ. ನೇಯುವ ಮುಂಚೆ ಕಾಳವ್ವ ಮಗ್ಗದ ಉದ್ದಕ್ಕೆ ಬಿಗಿದಿದ್ದ ಬಿಳಿ ದಾರ ಮಾತ್ರ ಬಿದ್ದಿತ್ತು. ಇದರಲ್ಲಿ ಏನಿದೆ ಮಾರಾಯ, ಉಗ್ರಾಣದಲ್ಲಿ ಬೇಕಾದಷ್ಟು ಇವೆ, ನಿನ್ನ ಮನೆಗೆ ಒಪ್ಪುವುದನ್ನು ಆರಿಸಿಕೋ ಅಂದ. ಅದು ಅವನ ಒಳ್ಳೆಯ ಮಾತು. ಮೋನಪ್ಪ ಬಗ್ಗಿ ದಾರ ಕೂಡಿಸಿಕೊಂಡ. ಹಾಗಾದರೆ ಇಲ್ಲಿಗೆ ಏನು ಹಾಸಿಸಲಿ ಅಂತ ದೊರೆ ಮಗಳನ್ನು ಕೇಳಿದ. ನೆಲದ ಮೇಲೆ ಕೂತುಕೊಳ್ಳಿ ಅಪ್ಪಾಜಿ ಅಂದಳು ಚಂಪಾದೇವಿ. ದೊರೆ ಕೂತ.

ರಾಜ್ಯದಲ್ಲಿ ಮಳೆ ಬೆಳೆ ಚೆನ್ನಾಯಿತು. ಚಂಪಾದೇವಿಗೆ ಒಳ್ಳೆಯ ಗಂಡ ಸಿಕ್ಕ. ಆನೆಮರಿ ದೊಡ್ಡದಾಯಿತು. ಎಲ್ಲರೂ ಸುಖವಾಗಿದ್ದರು. ಹಾಗಂತ ಈಗಲೂ ಎಲ್ಲರೂ ಹೇಳುತ್ತಾರೆ.

ಮೋನಪ್ಪ ಅಂದು ಮನೆಗೆ ಬಂದು, ಆ ಬಿಳಿ ದಾರಗಳನ್ನು ಪಡಸಾಲೆಯಲ್ಲಿ ಉದ್ದಕ್ಕೆ ಹಾಸಿದ. ಸಂದಿಯಲ್ಲೆಲ್ಲ ನೆಲ ಕಾಣುತ್ತಿತ್ತು. ಅದರ ಮೇಲೆ ಕೂರಲಿಲ್ಲ. ಗೋಡೆಗೆ ಒರಗಿ ನಿದ್ದೆ ಹೋದ.

ಮರುದಿನ ಬೆಳಿಗ್ಗೆ ಎದ್ದು ಒಲೆ ಹಚ್ಚಿದ. ಅವಳು ಹೋದಮೇಲೆ ಆ ಒಲೆ ಹೊತ್ತಿರಲಿಲ್ಲ. ಜೋಳದ ಹಿಟ್ಟು ನಾದಿ, ಅವಳು ಬಡಿಯುತ್ತಿದ್ದ ಕಲ್ಲಿನ ಮೇಲೆ ರೊಟ್ಟಿ ಬಡಿದ. ಮೊದಲನೆಯದು ಹರಿಯಿತು. ಎರಡನೆಯದು ಸುಟ್ಟಿತು. ಮೂರನೆಯದು ರೊಟ್ಟಿಯ ಹಾಗೆ ಆಯಿತು.

ಸುಟ್ಟದ್ದನ್ನು ಮೊದಲು ತಿಂದ.