ಹೋಲಿಕೆಯ ಉಂಡೆ

ಸುಗ್ಗಿ ಮುಗಿದು ಬಿಸಿಲು ಏರುವ ದಿನಗಳು. ಕರುಗಳಿಗೆ ಜಂತುಹುಳುವಿನ ಔಷಧಿ ಕುಡಿಸುವ ಕಾಲ ಅದು. ನಾನು ಕರುವಿನ ಬಾಯಿ ಅಗಲಿಸಿ ಹಿಡಿದಿದ್ದೆ. ಡಾಕ್ಟರು ಬಿದಿರಿನ ಗೊಟ್ಟದಿಂದ ಔಷಧಿಯನ್ನು ಅದರ ಗಂಟಲಿಗೆ ಸುರಿಯುತ್ತಿದ್ದರು.

ಊರಿಗೆಲ್ಲ ಅವರು ದನದ ಡಾಕ್ಟರು. ನಾನು ಅವರ ಕಾಂಪೌಂಡರ್. ಇಬ್ಬರೂ ನಿವೃತ್ತರಾಗಿದ್ದರೂ ಹೆಸರುಗಳು ಮಾತ್ರ ಇನ್ನೂ ಕೆಲಸದಲ್ಲಿದ್ದವು. ಬಾಯಿ ಬಾರದ ಪ್ರಾಣಿಗಳ ನೋವನ್ನು ನೋಡಿಯೇ ತಿಳಿಯಬೇಕಾಗಿದ್ದ ಅವರಿಗೆ ಮನುಷ್ಯರು ಮುಚ್ಚಿಟ್ಟದ್ದೂ ಕಾಣುತ್ತಿತ್ತು. ಹಾಗಾಗಿ ಕಳವಾದರೆ, ಮನೆಯೊಳಗೆ ಗುಮಾನಿ ಎದ್ದರೆ ಜನ ಅವರ ಕೊಟ್ಟಿಗೆಗೆ ಬರುವುದು ರೂಢಿಯಾಗಿತ್ತು.

ಆ ಬೆಳಿಗ್ಗೆ ಬಂದವಳು ಪಾತ್ರೆ ಅಕ್ಕ. ಬೇರೆ ದಿನವಾದರೆ ಅವಳ ಸ್ಕೂಟರು ಬೀದಿ ತಿರುಗುವ ಮೊದಲೇ ಪಾತ್ರೆಗಳ ಸದ್ದು ಬರುತ್ತಿತ್ತು. ಅಂದು ಸದ್ದಿರಲಿಲ್ಲ. ಸ್ಕೂಟರಿನ ಎರಡೂ ಕಡೆ ಚೀಲಗಳು ಬರಿದಾಗಿ ಜೋತುಬಿದ್ದಿದ್ದವು.

"ಡಾಕ್ಟ್ರೇ, ನಾನು ಕಳ್ಳಿ ಅಂತೆ" ಎಂದಳು.

"ಕರು ನುಂಗೋ ತನಕ ನಿಲ್ಲಿ ತಾಯಿ. ಬಾಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತೆ ಇದು. ನಮ್ಮ ಕಾಂಪೌಂಡರ್ ಹಾಗೆ" ಎಂದರು ಡಾಕ್ಟರು. ಅವಳು ನಗಲಿಲ್ಲ.

ಅವಳ ಕೆಲಸ ನಮಗೆ ಗೊತ್ತಿದ್ದದ್ದೇ. ಅವಳ ಕಂಪನಿಗೆ ಅಂಗಡಿ ಇರಲಿಲ್ಲ. ಯಾರಾದರೊಬ್ಬರು ತಮ್ಮ ಅಡುಗೆಮನೆಗೆ ಆರು ಮನೆಯ ಹೆಂಗಸರನ್ನು ಕರೆಯಬೇಕು. ಪಾತ್ರೆ ಅಕ್ಕ ತನ್ನ ದಪ್ಪ ತಳದ ಪಾತ್ರೆಗಳಲ್ಲಿ ನೀರು ಹಾಕದೆ ತರಕಾರಿ ಬೇಯಿಸಿ, ಓವನ್ ಇಲ್ಲದೆ ಒಲೆಯ ಮೇಲೇ ಬನ್ನು ಮಾಡಿ ತೋರಿಸುವಳು. ತಾನೊಬ್ಬಳೇ ಮಾಡುತ್ತಿರಲಿಲ್ಲ. ಹೆಚ್ಚುವುದು, ನಾದುವುದು, ಮುಚ್ಚಳ ಎತ್ತಿ ನೋಡುವುದು, ಎಲ್ಲವನ್ನೂ ಬಂದವರಿಂದಲೇ ಮಾಡಿಸುವಳು. ಕೈ ಹಾಕಿದ ಪಾತ್ರೆಯ ಮೇಲೆ ಆಸೆ ಹುಟ್ಟುತ್ತದೆ ಎಂಬುದು ಅವಳ ಲೆಕ್ಕ. ಮೆಚ್ಚಿದವರು ಬೇಕೆಂದು ಬರೆಸುತ್ತಿದ್ದರು. ಕರೆದ ಮನೆಯವರಿಗೆ ಒಂದು ಬಾಣಲೆ ಉಡುಗೊರೆ.

"ಹಿಟ್ಟಿನ ಗಿರಣಿಯವರ ಮನೇಲಿ ಮಾಡಿದ್ದೆ. ನಾದೋಕೆ ಮುಂಚೆ ಒಂದು ಬಟ್ಟಲನ್ನ ಎಲ್ಲರ ಕೈಗೂ ಸುತ್ತಿಸ್ತೀನಿ. ಉಂಗುರ, ಬಳೆ ಬಿಚ್ಚಿ ಹಾಕ್ತಾರೆ. ನಾದಿ ಕೈ ತೊಳೆದು ಬಂದಾಗ ಆ ಮನೆ ಸೊಸೆ ಉಂಗುರ ಇರಲಿಲ್ಲ."

"ಬೇರೆಯವರದ್ದು?"

"ಎಲ್ಲಾ ಇತ್ತು. ಟೀಚರಮ್ಮನ ಜೋಡಿ ಬಳೆ ಇತ್ತು, ಉಂಗುರದ ನಾಲ್ಕು ಪಾಲು ತೂಗುತ್ತೆ. ಅದನ್ನ ಮುಟ್ಟಿಲ್ಲ."

"ಬಟ್ಟಲು ಎಲ್ಲಿತ್ತು?"

"ಕೈಯಿಂದ ಕೈಗೆ ಹೋಗಿ ಕೊನೆಗೆ ಬೀಗಿತ್ತಿಯವರ ಹತ್ರ ಬಂತು. ಅವರದು ಬರಿಗೈ, ಬಿಚ್ಚೋಕೆ ಏನಿಲ್ಲ. ಅವರೇ ಕಿಟಕಿ ಮೇಲಿಟ್ಟರು. ನೀರಿನ ತಂಬಿಗೆಯೂ ಅಲ್ಲೇ. ಎಲ್ಲರೂ ಅಲ್ಲಿಗೆ ಹೋಗಿ ಬಂದವರೇ."

"ಯಾರ ಬೀಗಿತ್ತಿ?"

"ಗಿರಣಿಯಮ್ಮನ ಹಳೇ ಬೀಗಿತ್ತಿ. ಮಗನ ಮೊದಲ ಹೆಂಡತಿ ತೀರಿಹೋದಳಲ್ಲ, ಆಕೆಯ ತಾಯಿ. ಮಗಳು ಹೋದ ಮೇಲೆ ಆ ಮನೆ ಮೆಟ್ಟಿಲು ಹತ್ತಿರಲಿಲ್ಲವಂತೆ. ಆರು ಜನ ಆಗದಿದ್ರೆ ಉಡುಗೊರೆ ಇಲ್ಲ ಅಂತ ನಾನೇ ಹೇಳಿದ್ದೆ. ಒಬ್ಬರು ಕಡಿಮೆ ಬಿದ್ರು, ಇವರನ್ನ ಕರೆಸಿದ್ರು."

ಗಿರಣಿಯಮ್ಮ ಬಾಗಿಲು ಹಾಕಿಸಿ ಎಲ್ಲರ ಬಟ್ಟೆ, ಚೀಲ ಜಾಲಾಡಿಸಿದ್ದಳು. ಪಾತ್ರೆ ಅಕ್ಕನ ಹಿಟ್ಟಿನ ಡಬ್ಬವನ್ನು ನೆಲಕ್ಕೆ ಸುರಿಸಿದ್ದಳು. ಏನೂ ಸಿಗದಿದ್ದಾಗ, "ಉಂಗುರ ಬಿಚ್ಚಿ ಅಂದವಳು ಇವಳು, ಬಟ್ಟಲು ಇವಳದು, ಇನ್ನು ಕೇಳೋದೇನಿದೆ" ಎಂದು ಎಲ್ಲರೆದುರು ಅಂದಿದ್ದಳು.

"ಅಷ್ಟಾದ ಮೇಲೂ ಬನ್ನು ಬೇಯಿಸಿದಿರಾ?" ಎಂದರು ಡಾಕ್ಟರು.

"ನಾದಿದ ಹಿಟ್ಟು ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಅದೂ ನನ್ನ ಮಾನ ಕಳೀತು. ಯೀಸ್ಟ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿದ್ದು ಸತ್ತುಹೋಗಿತ್ತು. ಒಂದೂ ಉಬ್ಬಲಿಲ್ಲ, ಕಲ್ಲಿನ ಹಾಗೆ ಬಂದ್ವು." ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿದಳು. "ಮುಂದಿನ ಮೂರು ಮನೆಯವರು ಬರಬೇಡ ಅಂದಿದ್ದಾರೆ. ನನಗೆ ಅಂಗಡಿ ಇಲ್ಲ ಡಾಕ್ಟ್ರೇ. ಬೇರೆಯವರ ಅಡುಗೆಮನೆಯೇ ನನ್ನ ಅಂಗಡಿ. ಕಳ್ಳಿ ಅಂದ್ರೆ ಯಾರು ಒಳಗೆ ಬಿಡ್ತಾರೆ?"

*

ಗಿರಣಿ ಮನೆಯ ಹಸುವಿನ ಜೀವವನ್ನು ಡಾಕ್ಟರು ಹಿಂದೊಮ್ಮೆ ಉಳಿಸಿಕೊಟ್ಟಿದ್ದರು. ಹಾಗಾಗಿ ಗಿರಣಿಯಮ್ಮ ನಮ್ಮನ್ನು ಕೂರಿಸಿದಳು. ಮಾತು ಮಾತ್ರ ಬಿಗಿಯಾಗಿತ್ತು.

"ನೀವ್ಯಾಕೆ ಅವಳ ಪರ ಬಂದ್ರಿ? ಆ ಬನ್ನು ಹಸುವಿನ ಮುಂದಿಟ್ಟೆ. ಅದೂ ಮೂಸಿ ಮುಖ ತಿರುಗಿಸ್ತು. ಅಂಥ ಕೈ ಅವಳದು."

"ಹಸುವಿಗೆ ಬುದ್ಧಿ ಇದೆ" ಎಂದರು ಡಾಕ್ಟರು. ಆಮೇಲೆ ಸೊಸೆಯ ಕಡೆ ತಿರುಗಿ, "ಉಂಗುರ ಹೇಗಿತ್ತು ತಾಯಿ?" ಎಂದು ಕೇಳಿದರು.

ಸೊಸೆ ಮೆಲುದನಿಯ ಹುಡುಗಿ. "ಸಾದಾ ಉಂಗುರ. ಮದುವೇಲಿ ಇವರು ಹಾಕಿದ್ದು. ಸ್ವಲ್ಪ ಸಡಿಲ, ಅದಕ್ಕೆ ದಾರ ಸುತ್ತಿಕೊಂಡಿದ್ದೆ. ದರ್ಜಿ ಅಕ್ಕನ ಹತ್ರ ಕೆಂಪು ದಾರ ತಗೊಂಡಿದ್ದೆ."

"ಅಕ್ಕಸಾಲಿಗೆ ಕೊಟ್ಟಿದ್ರೆ ಅಳತೆ ಸರಿ ಮಾಡ್ತಿದ್ದ."

"ಅತ್ತೆ ಬೇಡ ಅಂದ್ರು."

"ಚಿನ್ನ ಕದೀತಾರೆ ಅವರು" ಎಂದಳು ಗಿರಣಿಯಮ್ಮ, ಕೇಳುವ ಮೊದಲೇ.

ಅಲ್ಲಿಂದ ನಾವು, ಅಂದು ನಾದಲು ಬಂದಿದ್ದ ದರ್ಜಿಯಾಕೆಯ ಮನೆಗೆ ಹೋದೆವು. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಮಾತಾಡಿದಳು. ಕೆಂಪು ದಾರ ಕೊಟ್ಟದ್ದು ನಿಜ. ಹಿಟ್ಟು ಮಾತ್ರ ಶವದಷ್ಟು ತಣ್ಣಗಿತ್ತು. ಕಲ್ಲು ಬನ್ನು ಬಂದಾಗ ಒಳಗೊಳಗೇ ನಕ್ಕಿದ್ದಕ್ಕೆ ಈಗ ಪಶ್ಚಾತ್ತಾಪವಾಗುತ್ತದೆ ಎಂದಳು. "ಬೀಗಿತ್ತಿಯವರೇ ಪುಣ್ಯವಂತರು. ಬೇಯೋ ಮೊದಲೇ ಹೊರಟುಹೋದ್ರು. ಹೋಲಿಕೆಯ ಉಂಡೆ ಅವರಿಗೇ ಸಿಕ್ಕಿತ್ತು."

"ಅದೇನದು?"

"ಪಾತ್ರೆ ಅಕ್ಕನ ಪದ್ಧತಿ. ಪ್ರತಿ ಸಲ ಒಬ್ಬರಿಗೆ ಒಂದು ಹಸಿ ಉಂಡೆ ಕೊಡ್ತಾಳೆ. ನಿಮ್ಮ ಮನೆ ಪಾತ್ರೇಲಿ ಬೇಯಿಸಿ, ನನ್ನ ಪಾತ್ರೆಯದರ ಜೊತೆ ಹೋಲಿಸಿ ನೋಡಿ ಅಂತ. ಗಿರಣಿಯಮ್ಮ ಅವರ ಡಬ್ಬ ತೆಗೆದು ನೋಡಿದ್ರು. ಹಿಟ್ಟಿನುಂಡೆ. ಮುಚ್ಚಿ ಕೊಟ್ರು."

ಬೀಗಿತ್ತಿಯ ಮನೆ ಎರಡು ಕೋಣೆಯದು. ಗೋಡೆಯಲ್ಲಿ ಮಗಳ ಚಿತ್ರ. ಅವರು ಅದಕ್ಕೆ ಬೆನ್ನು ಮಾಡಿ ಕೂತಿದ್ದರು. ಪಾತ್ರೆ ಅಕ್ಕನ ಹೆಸರೆತ್ತಿದಾಗ ಅವರ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು.

"ಉಂಡೆ ಏನಾಯ್ತಮ್ಮ?" ಎಂದರು ಡಾಕ್ಟರು.

"ಬೇಯಿಸಿ ತಿಂದೆ. ಚೆನ್ನಾಗಿ ಉಬ್ಬಿತ್ತು. ಅರಳೆಯ ಹಾಗೆ ಮೆತ್ತಗಿತ್ತು."

ಡಾಕ್ಟರು ತಲೆಯಾಡಿಸಿದರು. ದಾರಿಯಲ್ಲಿ ನಾನು ಏನೇನೋ ಕೇಳಿದೆ. ಮನೆ ಮುಟ್ಟುವಾಗ ಮಾತ್ರ ಅವರು, "ಕಾಂಪೌಂಡ್ರೇ, ಕೆಲವು ರೋಗ ಗುರುತಾಗದೇ ಇದ್ರೇ ಚೆನ್ನಾಗಿತ್ತು ಅನ್ನಿಸುತ್ತೆ" ಎಂದರು.

*

ಡಾಕ್ಟರ ಮಾತಿಗೆ ಕಟ್ಟುಬಿದ್ದು ಅದೇ ಅಡುಗೆಮನೆಯಲ್ಲಿ ಅದೇ ಜನ ಮತ್ತೆ ಸೇರಿದರು. ಗಿರಣಿಯಮ್ಮ ಒಂದೇ ಷರತ್ತು ಹಾಕಿದ್ದಳು: ಉಂಗುರ ಸಿಗದಿದ್ದರೆ ಪಾತ್ರೆಯವಳು ಈ ಬೀದಿಗೆ ಕಾಲಿಡಕೂಡದು. ಪಾತ್ರೆ ಅಕ್ಕ ಹಿಟ್ಟು ಕಲಸಿದಳು. ಬಟ್ಟಲು ಕೈಯಿಂದ ಕೈಗೆ ಹೊರಟಿತು. ಯಾರೂ ಏನೂ ಬಿಚ್ಚಿ ಹಾಕಲಿಲ್ಲ. ಬರಿ ಬಟ್ಟಲು ಬೀಗಿತ್ತಿಯ ಕೈಗೆ ಬಂತು. ಅವರು ಅದನ್ನು ಕಿಟಕಿಯ ಮೇಲಿಟ್ಟರು.

ನಾದುವುದು ಮುಗಿದಾಗ ಡಾಕ್ಟರು ಒಂದು ಉಂಡೆ ತೆಗೆದು ಅವರ ಮುಂದೆ ಹಿಡಿದರು. "ಹೋಲಿಕೆಯ ಉಂಡೆ ಅಮ್ಮ."

ಅವರು ಕೈ ಚಾಚಲಿಲ್ಲ.

"ಒಂದೊಂದಾಗಿ ಹೇಳ್ತೀನಿ" ಎಂದರು ಡಾಕ್ಟರು, ಉಂಡೆಯನ್ನು ಕೆಳಗಿಟ್ಟು. "ತೂಕದ ಬಳೆ ಬಿಟ್ಟು ಸಾದಾ ಉಂಗುರ ತಗೊಂಡವರಿಗೆ ಚಿನ್ನದ ಆಸೆ ಇರಲಿಲ್ಲ, ಆ ಉಂಗುರವೇ ಬೇಕಿತ್ತು. ಎಲ್ಲರ ಬಟ್ಟೆ, ಚೀಲ, ಡಬ್ಬ ನೋಡಿದ್ರಿ. ಮೇಲಿಂದ ಮಾತ್ರ ನೋಡಿದ್ದು ಒಂದೇ, ಈ ಮನೆಯಿಂದ ಹೋದ ಹಸಿ ಹಿಟ್ಟಿನುಂಡೆ. ಅದನ್ನ ಬೇಯಿಸಿದೆ, ಉಬ್ಬಿತ್ತು, ಮೆತ್ತಗಿತ್ತು ಅಂದ್ರು. ಅದೇ ಪರಾತದ ಹಿಟ್ಟು. ಯೀಸ್ಟ್ ಸತ್ತಿದ್ದ ಹಿಟ್ಟು ಯಾರ ಪಾತ್ರೇಲೂ ಉಬ್ಬಲ್ಲ. ಉಳಿದವು ಕಲ್ಲಾಗಿದ್ದು ಅವರಿಗೆ ಗೊತ್ತಿರಲಿಲ್ಲ, ಮೊದಲೇ ಹೋಗಿದ್ರು. ಅಂದ್ರೆ ಆ ಉಂಡೆ ಒಲೆ ಹತ್ತಲೇ ಇಲ್ಲ."

ಗಿರಣಿಯಮ್ಮ ಎದ್ದಳು. "ನೀನಾ? ಈ ವಯಸ್ಸಲ್ಲಿ?"

"ಕೂತ್ಕೊಳ್ಳಿ ಅಮ್ಮ, ಇನ್ನೂ ಮುಗಿದಿಲ್ಲ" ಎಂದರು ಡಾಕ್ಟರು. "ಮದುವೆಗೆ ಮಾಡಿಸಿದ ಉಂಗುರ ಮದುಮಗಳ ಬೆರಳಿಗೆ ಸಡಿಲ ಯಾಕೆ? ಬೇರೆ ಬೆರಳಿಗೆ ಮಾಡಿದ್ದು ಅದಕ್ಕೆ. ಅಕ್ಕಸಾಲಿಗೆ ಕೊಡಬೇಡ ಅಂದದ್ದು ಯಾಕೆ? ತನ್ನ ಕೆಲಸ ಅವನು ಗುರುತಿಸ್ತಾನೆ ಅದಕ್ಕೆ."

ಒಲೆಯ ಮೇಲೆ ಬರಿ ಪಾತ್ರೆ ಕಾಯುತ್ತಿತ್ತು. ಪಾತ್ರೆ ಅಕ್ಕ ಸದ್ದಾಗದಂತೆ ಉರಿ ಆರಿಸಿದಳು.

ಬೀಗಿತ್ತಿ ಮಾತಾಡಿದರು. "ನನ್ನ ಓಲೆ ಕರಗಿಸಿ ಮಗಳಿಗೆ ಮಾಡಿಸಿದ್ದೆ. ಅವಳು ಹೋದಾಗ ಈ ಮನೆಯಿಂದ ಏನೂ ಕೇಳಲಿಲ್ಲ, ಉಂಗುರ ಒಂದು ಕೊಡಿ ಅಂದೆ. ಆಸ್ಪತ್ರೇಲಿ ಕಳೆದುಹೋಯ್ತು ಅಂದ್ರು. ನಂಬಿದೆ. ಆ ವಾರ್ಡ್ ಗುಡಿಸ್ತಿದ್ದ ಹೆಂಗಸಿಗೆ ದಿನಾ ಶಾಪ ಹಾಕಿದೆ. ಅವತ್ತು ಬಟ್ಟಲಲ್ಲಿ ನೋಡಿದೆ. ಬಾಗಿಲಿಗೆ ಸಿಕ್ಕಿ ನೆಗ್ಗಿದ್ದ ಗುರುತು ಹಾಗೇ ಇತ್ತು. ಕೇಳಿದ್ರೆ ಇದು ಬೇರೆ ಅನ್ನೋರು. ಹೋಲಿಕೆಯ ಉಂಡೆ ಆಗಲೇ ನನ್ನ ಕೈಲಿತ್ತು, ಉಂಗುರ ಅದರೊಳಗೆ ಹೋಯ್ತು."

ಆಮೇಲೆ ಅವರು ಪಾತ್ರೆ ಅಕ್ಕನ ಕಡೆ ಕೈ ತೋರಿಸಿದರು. "ಅದು ನನ್ನದು ಡಾಕ್ಟ್ರೇ, ಅದಕ್ಕೆ ನನಗೆ ನಾಚಿಕೆ ಇಲ್ಲ. ಇವಳನ್ನ ಕಳ್ಳಿ ಅಂದಾಗ ಡಬ್ಬ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆನಲ್ಲ. ಅವತ್ತಿಂದ ಅನ್ನ ಇಳೀತಿಲ್ಲ."

ಡಾಕ್ಟರು ನನ್ನನ್ನು ಬೀಗಿತ್ತಿಯ ಜೊತೆಗೆ ಕಳಿಸಿದರು. ಅವರು ಮನೆಯ ಗೂಡಿನಿಂದ ಡಬ್ಬ ತೆಗೆದು ಕೊಟ್ಟರು. ಉಂಡೆ ಒಣಗಿ ಸುಣ್ಣದ ಗಡ್ಡೆಯಂತಾಗಿತ್ತು, ಒಡೆದಿರಲಿಲ್ಲ. "ಒಡೆಯೋಕೆ ಮನಸ್ಸು ಬರಲಿಲ್ಲ" ಎಂದರು. "ಒಡೆದ್ರೆ ಕದ್ದ ಹಾಗಾಗುತ್ತೆ ಅನ್ನಿಸ್ತು."

ಅಡುಗೆಮನೆಯಲ್ಲಿ ಅದನ್ನು ಗುಂಡುಕಲ್ಲಿನಿಂದ ಒಡೆದವಳು ಸೊಸೆ. ಎರಡನೆಯ ಪೆಟ್ಟಿಗೆ ಅದು ಬಿರಿಯಿತು. ಕೆಂಪು ದಾರ ಸುತ್ತಿದ ಉಂಗುರ ಹಿಟ್ಟಿನ ಚೂರುಗಳ ನಡುವೆ ಬಿತ್ತು. ಅವಳು ಅದನ್ನು ತಂಬಿಗೆಯ ನೀರಲ್ಲಿ ತೊಳೆದಳು, ಉಗುರಿನಿಂದ ದಾರದ ಗಂಟು ಬಿಡಿಸಿದಳು, ದಾರವನ್ನಷ್ಟೇ ತಾನಿಟ್ಟುಕೊಂಡು ಉಂಗುರವನ್ನು ಬೀಗಿತ್ತಿಯ ಅಂಗೈಗೆ ಇಟ್ಟಳು.

"ಹೊಸದು ಅಂತ ಹೇಳಿದ್ರು ಅಮ್ಮ. ನನ್ನ ಕೈಗೆ ಇದು ಒಂದು ದಿನಾನೂ ಕೂತಿರಲಿಲ್ಲ" ಎಂದಳು.

ಗಿರಣಿಯಮ್ಮ ಗೋಡೆ ನೋಡುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದಾಗ ಅವಳು, "ದೊಡ್ಡ ಪಾತ್ರೆ ಒಂದು ನನ್ನ ಹೆಸರಿಗೆ ಬರೆದುಕೋ" ಎಂದಳು.

ಪಾತ್ರೆ ಅಕ್ಕ ಚೀಲ ತುಂಬುತ್ತಿದ್ದಳು. "ಬರ್ಕೋತೀನಿ ಅಮ್ಮ. ಆದ್ರೆ ನನಗೆ ಬರಬೇಕಾದ್ದು ಅದಲ್ಲ, ಒಂದು ಮಾತು."

ಗಿರಣಿಯಮ್ಮ ನೆಲದ ಹಿಟ್ಟಿನ ಚೂರು ಗುಡಿಸತೊಡಗಿದಳು.

*

ಆ ವಾರವೇ ಬೀಗಿತ್ತಿ, ಬರಬೇಡ ಎಂದಿದ್ದ ಮೂರೂ ಮನೆಗಳ ಬಾಗಿಲಿಗೆ ತಾವೇ ಹೋದರು. "ತೆಗೆದವಳು ನಾನು, ಅವಳಲ್ಲ" ಎಂದು ನಿಂತೇ ಹೇಳಿ, ಕೂರದೆ, ನೀರೂ ಕುಡಿಯದೆ ಮುಂದಿನ ಮನೆಗೆ ನಡೆದರು. ಮೊದಲ ಮನೆಯಲ್ಲಿ ಪ್ರಾತ್ಯಕ್ಷಿಕೆ ನಡೆದ ದಿನ ನಾವು ಆ ಬೀದಿಯಲ್ಲೇ ಒಂದು ಎಮ್ಮೆ ನೋಡಲು ಹೋಗಿದ್ದೆವು. ಕಿಟಕಿಯಿಂದ ಪಾತ್ರೆ ಅಕ್ಕನ ದನಿ ಕೇಳುತ್ತಿತ್ತು. "ಬಿಚ್ಚೋದು ಬೇಡಮ್ಮ, ಹಾಗೇ ನಾದಿ. ಮೆತ್ತಿಕೊಂಡ್ರೆ ತೊಳೆದರಾಯ್ತು."

ಗಿರಣಿ ಮನೆಗೆ ದೊಡ್ಡ ಪಾತ್ರೆ ಹೋಯಿತು, ಹಣವೂ ಬಂತು. ಮಳೆಗಾಲದ ಮುಂಚೆ ಅವರ ಹಸು ಕರು ಹಾಕಿದಾಗ ನಾವು ಕೈ ತೊಳೆಯಲು ಅಡುಗೆಮನೆಗೆ ಹೋದೆವು. ಪಾತ್ರೆ ಗೋಡೆಯ ಮೊಳೆಗೆ ತೂಗುತ್ತಿತ್ತು. ತಳದ ಚೀಟಿಯನ್ನೂ ಕಿತ್ತಿರಲಿಲ್ಲ.

"ಬಳಸಲಿಲ್ವಾ ಅಮ್ಮ?" ಎಂದೆ ನಾನು.

ಗಿರಣಿಯಮ್ಮ ಟವೆಲ್ ಕೊಡುತ್ತ, "ಅವಳು ಈ ಕಡೆ ಬರ್ತಾಳಾ?" ಎಂದು ಕೇಳಿದಳು.

"ಬರ್ತಾಳೆ. ಕರೆದ್ರೆ" ಎಂದರು ಡಾಕ್ಟರು.

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಕರುವಿಗೆ ಹಾಲು ಬಿಡಲು ಹೊತ್ತಾಯಿತೆಂದು ಕೊಟ್ಟಿಗೆಗೆ ನಡೆದಳು.