ಗುಜರಿಗೆ ಕೊಡಲಾರೆ!

"ಬಿಡ್ರೀ ಅದನ್ನ! ಅದು ನಂದು!"

ಗುಜರಿ ಅಂಗಡಿಯ ಬಾಗಿಲಲ್ಲೇ ಅವಳು ಲ್ಯಾಪ್‌ಟಾಪಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಯಾರೋ ಅಪರಿಚಿತನ ಕಂಕುಳಲ್ಲಿತ್ತು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಿಂದ ಊಟದ ಬಿಡುವಿನಲ್ಲಿ ಓಡಿ ಬಂದಿದ್ದಳು. ಬಿಳಿ ಕೋಟು ಕೂಡ ಬಿಚ್ಚಿರಲಿಲ್ಲ.

ಅಣ್ಣ ಬೆಳಿಗ್ಗೆ ಅಟ್ಟ ಖಾಲಿ ಮಾಡಿಸಿದ್ದ. ಹಳೇ ಪೇಪರ್, ಮುರಿದ ಕುರ್ಚಿ, ಜೊತೆಗೆ ಅವಳು ಕಾಲೇಜಿಗೆ ಸೇರಿದಾಗ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಲ್ಯಾಪ್‌ಟಾಪ್! ಅತ್ತಿಗೆ ಗುಟ್ಟಾಗಿ ಫೋನ್ ಮಾಡದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ," ಎಂದ ಅವನು ಮೆಲ್ಲಗೆ.

"ನಾನು ನನ್ನ ಕಾಲೇಜಿನ ಮೂರು ವರ್ಷ ಕೊಟ್ಟಿದ್ದೀನಿ ಇದಕ್ಕೆ!"

"ನಿಮ್ಮದೇ ಅನ್ನೋಕೆ ಗುರುತು?"

"ತೆಗೆದು ನೋಡಿ. ಬಾಣದ ಕೀ ನಾಲ್ಕೂ ಸವೆದು ಬೆಳ್ಳಗಾಗಿವೆ. ಕಾರ್ ರೇಸ್ ಆಟದಲ್ಲಿ ನನ್ನ ಸೋಲಿಸಿದೋರು ಇಡೀ ಕಾಲೇಜಲ್ಲಿ ಒಬ್ಬರೂ ಇರಲಿಲ್ಲ. ಮುಚ್ಚಳದ ಬಲಗಡೆ ಕೀಲು ಬಿರುಕು ಬಿಟ್ಟಿದೆ, ಅದಕ್ಕೆ ಕೆಂಪು ಉಗುರುಬಣ್ಣ ಬಳಿದಿದ್ದೀನಿ."

ಅವನು ತೆಗೆದು ನೋಡಿದ. ಲ್ಯಾಪ್‌ಟಾಪನ್ನು ಅವಳ ಕೈಗಿಟ್ಟ.

"ಇದು ಆನ್ ಆಗಲ್ಲ. ಪಕ್ಕದ ಬೀದೀಲಿ ನನ್ನ ರಿಪೇರಿ ಅಂಗಡಿ ಇದೆ. ಮಾಡಿಕೊಡ್ತೀನಿ."

"ಮಾಡಿಕೊಡೋದು ಬೇಡ. ಹೇಳಿಕೊಡಿ. ನಾನೇ ಮಾಡ್ತೀನಿ."

ಅವನು ಆಗ ಮೊದಲ ಸಲ ಅವಳನ್ನು ಕಣ್ಣೆತ್ತಿ ನೋಡಿದ. ಅವಳೂ ದೃಷ್ಟಿ ತಗ್ಗಿಸಲಿಲ್ಲ. ಆದರೆ ಎದೆಯಲ್ಲಿ ಸಣ್ಣದೊಂದು ನಡುಕ... ಓಡಿ ಬಂದ ಸುಸ್ತಿರಬೇಕು ಎಂದುಕೊಂಡಳು ಪೆದ್ದಿ!

ಬೀದಿಯವರು ಅವನಿಗಿಟ್ಟ ಹೆಸರು ಮೌನಿ. ಕೇಳಿದ್ದಕ್ಕೆ ಅಳೆದು ತೂಗಿ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಡ್ಯೂಟಿ ಮುಗಿಸಿ ಮೂರು ಗಂಟೆಗೆ ಅವಳು ಬಂದರೆ ಮೇಜಿನ ಮೇಲೆ ಜಾಗ ಖಾಲಿ ಇರುತ್ತಿತ್ತು. ಪುಟ್ಟ ಸ್ಕ್ರೂಗಳಿಗೆಂದು ಒಂದು ಬಟ್ಟಲು, ಅವಳಿಗೆಂದು ಒಂದು ಸ್ಟೂಲು.

"ಮನುಷ್ಯರ ಮೂಳೆ ನೋಡೋಳು ನಾನು. ಇದರ ಮೂಳೆ ಯಾವ ಲೆಕ್ಕ?" ಎಂದು ಮೊದಲ ದಿನ ಜಂಬ ಕೊಚ್ಚಿದಳು. ಐದೇ ನಿಮಿಷಕ್ಕೆ ಕೀಬೋರ್ಡಿನ ಪಟ್ಟಿ ಕಿತ್ತು ಬಂತು.

"ಎಲ್ಲರಿಗೂ ಹಾಗೇ ಆಗುತ್ತೆ," ಎಂದ. ಅವನು ನಕ್ಕಿದ್ದನ್ನು ಅವಳು ಅಂದೇ ನೋಡಿದ್ದು.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಕೊನೆಯುಸಿರು ಎಳೆಯುತ್ತಿತ್ತು. ಅದರ ಜಾಗಕ್ಕೆ ಮೆಮೊರಿ ಕಾರ್ಡ್ ಕೂರಿಸಿದರು. ತಾರೀಖು ನೆನಪಿಡುವ ಪುಟ್ಟ ಬ್ಯಾಟರಿ ಬದಲಿಸಿದರು. ಹಳೇ ಸಿ.ಡಿ ಹಾಕಿ, ಆ ಕಾಲದ ವಿಂಡೋಸ್ ಮತ್ತೆ ತುಂಬಿದರು. ಪರದೆ ಬೆಳಗಿದ ದಿನ ಅವಳು ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು. ಅವನು ಪರದೆ ನೋಡುತ್ತಿರಲಿಲ್ಲ...

ಅಂಗಡಿಯ ಗಾಜಿಗೆ ಅವನೇ ಒಂದು ಪೋಸ್ಟರ್ ಅಂಟಿಸಿದ್ದ. ಬರುವ ಭಾನುವಾರ ಗ್ರಂಥಾಲಯದ ಹಾಲಿನಲ್ಲಿ ಹಳೇ ಆಟಗಳ ಸ್ಪರ್ಧೆ. ಇಪ್ಪತ್ತು ವರ್ಷ ದಾಟಿದ ಯಂತ್ರಗಳಿಗೆ ಮಾತ್ರ ಪ್ರವೇಶ. ಅವಳ ಕಾರ್ ರೇಸೂ ಅದರಲ್ಲಿತ್ತು! ಲ್ಯಾಪ್‌ಟಾಪಿಗೆ ಸದ್ದು ಬರಿಸುವುದೊಂದೇ ಬಾಕಿ.

"ಹೆಸರು ಕೊಡ್ತೀರಾ?" ಎಂದ.

"ಕೊಟ್ಟಾಯ್ತು," ಎಂದಳು.

ಆ ಭಾನುವಾರವೇ ಅಣ್ಣ ಹುಡುಗನ ಮನೆಯವರನ್ನು ಕರೆದಿದ್ದ. ಅವಳನ್ನು ಒಂದು ಮಾತೂ ಕೇಳದೆ!

"ಮೂವತ್ತೆರಡಾಯ್ತು ನಿನಗೆ. ಆಟ ಆಡೋ ವಯಸ್ಸಾ ಇದು?"

"ಹೌದಣ್ಣ, ಇದೇ ವಯಸ್ಸು. ಆಗ ಓದು ಅಂದೆ, ಓದಿದೆ. ಕೆಲಸ ಹಿಡಿ ಅಂದೆ, ಹಿಡಿದೆ. ಈಗ ಆಡ್ತೀನಿ."

ಅಣ್ಣ ಸೀದಾ ರಿಪೇರಿ ಅಂಗಡಿಗೆ ಹೋಗಿ ಬಂದ. ಗುರುವಾರ ಅವಳು ಚಪ್ಪಲಿ ಮೆಟ್ಟುವಾಗ ಹೇಳಿದ, "ನಿನ್ನ ಮೌನಿ ಜೊತೆ ಮಾತಾಡಿದ್ದೀನಿ. ಆ ಲ್ಯಾಪ್‌ಟಾಪ್ ಸರಿಹೋಗಲ್ಲ ಅಂತ ಕೈ ಎತ್ತಿಬಿಡ್ತಾನೆ. ಅವನೇ ಒಪ್ಪಿದ."

*ಅವನು? ಒಪ್ಪಿದನಾ?*

ಅಂಗಡಿಗೆ ಹೇಗೆ ಹೋದಳೋ! ಅವನ ಮುಂದೆ ನಿಂತು ಕೇಳಿದಳು. "ನಮ್ಮಣ್ಣ ಬಂದಿದ್ರಾ?"

"ಹೂಂ."

"ನೀವು ಒಪ್ಪಿದ್ರಾ?"

ಅವನ ತುಟಿ ಅಲುಗಿತು. ಬೆಸುಗೆ ಕಡ್ಡಿ ಕೆಳಗಿಟ್ಟ.

"ಮಾತಾಡ್ರೀ! ಒಂದು ಸಲ ಬಾಯಿಬಿಟ್ಟು ಇಲ್ಲ ಅನ್ನಿ!"

"ಹುಡುಗ ಒಳ್ಳೆಯವನು... ಅಂದ್ರು."

ಅಷ್ಟೇ! ಅವಳು ಲ್ಯಾಪ್‌ಟಾಪ್, ಚಾರ್ಜರ್, ಸಿ.ಡಿ ಎಲ್ಲ ಬ್ಯಾಗಿಗೆ ತುರುಕಿದಳು. ಕಣ್ಣು ತುಂಬಿತ್ತು. ಅವನೆದುರು ಅಳಲಿಲ್ಲ. ಅಷ್ಟು ಸುಲಭಕ್ಕೆ ಅಳುವವಳಲ್ಲ ಅವಳು.

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಹರಡಿಕೊಂಡು ಕೂತಳು. ಆಟ ಓಡುತ್ತಿತ್ತು, ಸದ್ದೇ ಇಲ್ಲ. ಎಂಜಿನ್ ಸದ್ದು ಕೇಳಿಯೇ ಅವಳು ಗೇರ್ ಬದಲಿಸುತ್ತಿದ್ದುದು. ಕಿವುಡಾಗಿ ಓಡಿಸಿದರೆ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದುವುದು ಖಂಡಿತ.

ಅತ್ತಿಗೆ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ಪುಟ್ಟೀ, ಒಂದು ಮಾತು... ಮೊನ್ನೆ ಅಂಗಡಿಗೆ ನಾನೂ ಹೋಗಿದ್ದೆ. ಆ ಮನುಷ್ಯ ಒಪ್ಪಲಿಲ್ಲ ಕಣೇ."

"ಏನಂದೆ ಅತ್ತಿಗೆ?"

"ನಿಮ್ಮಣ್ಣ ಅರ್ಧ ಗಂಟೆ ಹೇಳಿದ್ರು. ಅವನು ಒಂದು ಮಾತೂ ಆಡಲಿಲ್ಲ. ಬಾಗಿಲು ತೆರೆದು, ದಾರಿ ಈ ಕಡೆ ಅನ್ನೋ ಹಾಗೆ ನಿಂತ. ಮೌನಂ ಸಮ್ಮತಿ ಲಕ್ಷಣಂ ಅಂತ ಇವರೇ ಅರ್ಥ ಮಾಡ್ಕೊಂಡು ಬಂದ್ರು!"

ಅವಳಿಗೆ ನಗು ಬಂತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. *ಒಪ್ಪದಿದ್ದವನು ನನ್ನೆದುರು ಹಾಗಂತ ಹೇಳೋಕೇನು ಧಾಡಿ?*

ಆಟದ ಸೌಂಡ್ ಸೆಟ್ಟಿಂಗಿನಲ್ಲಿ, ಯಂತ್ರಕ್ಕೆ ಹೊಂದದೆ ಐದು ಎಂದಿದ್ದ ನಂಬರನ್ನು ಏಳು ಮಾಡಿದಳು. ಗುರ್ರ್ ಎಂದು ಎಂಜಿನ್ ಗರ್ಜಿಸಿತು! ಬಟಾಣಿಯೆಲ್ಲ ನೆಲದ ಪಾಲು.

ಅದೇ ಗಳಿಗೆಯಲ್ಲಿ ಅವಳು ಅತ್ತಿಗೆಯಿಂದ ನಂಬರ್ ಪಡೆದು, ಫೋನ್ ಕೈಗೆತ್ತಿಕೊಂಡು, ಅಣ್ಣ ಗೊತ್ತುಮಾಡಿದ್ದ ಹುಡುಗನಿಗೇ ನೇರವಾಗಿ ಹೇಳಿದಳು. "ನಾಳೆ ಬರಬೇಡಿ. ನಿಮ್ಮಲ್ಲಿ ದೋಷವಿಲ್ಲ. ಆದರೆ ನನ್ನನ್ನ ಕೇಳದೇ ನಿಮ್ಮನ್ನ ಕರೆದಿದ್ದಾರೆ."

"ಹೇಳಿದ್ದು ಒಳ್ಳೇದಾಯ್ತು," ಎಂದ ಆ ಹುಡುಗ. ದನಿಯಲ್ಲಿ ನಿರಾಳವಿತ್ತು. "ನನ್ನನ್ನೂ ಯಾರೂ ಕೇಳಿರಲಿಲ್ಲ."

ಭಾನುವಾರ ಬ್ಯಾಗ್ ಹೆಗಲಿಗೇರಿಸಿ ಹೊರಟಾಗ ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ಹೋದ್ರೆ ನನ್ನ ಮರ್ಯಾದೆ?"

"ಅದು ನನ್ನ ಬ್ಯಾಗಲ್ಲಿಲ್ಲಣ್ಣ. ಹುಡುಕ್ಕೋ."

ಅತ್ತಿಗೆ ಅಣ್ಣನ ತೋಳು ಹಿಡಿದು ಈಚೆಗೆಳೆದಳು.

ಗ್ರಂಥಾಲಯದ ಮೆಟ್ಟಿಲ ಮೇಲೆ ಮೌನಿ ನಿಂತಿದ್ದ. ಬಾಗಿಲು ತೆಗೆಯುವ ಮೊದಲೇ ಬಂದಿದ್ದನಂತೆ.

"ಒಪ್ಪಿಲ್ಲ ಅಂತ ಯಾಕೆ ಹೇಳಲಿಲ್ಲ?" ನಮಸ್ಕಾರವಿಲ್ಲ, ಪೀಠಿಕೆಯಿಲ್ಲ, ಸೀದಾ ಪ್ರಶ್ನೆ!

"ಬಾಯಿ ತೆರೆದಿದ್ರೆ ಅಷ್ಟಕ್ಕೇ ನಿಲ್ತಿರಲಿಲ್ಲ," ಎಂದ ಅವನು. "ಆ ಹುಡುಗ ಬೇಡ ಅಂದುಬಿಡ್ತಿದ್ದೆ. ಹಾಗನ್ನೋಕೆ ನಾನ್ಯಾರು ಅನ್ನಿಸ್ತು. ನೀವು ಚೆನ್ನಾಗಿರಲಿ ಅಂತ..."

"ಓಹೋ! ಅಣ್ಣ ಬಾಯಿಬಿಟ್ಟು ನನ್ನ ಜೀವನ ತೀರ್ಮಾನ ಮಾಡ್ತಾನೆ, ನೀವು ಬಾಯಿ ಮುಚ್ಕೊಂಡು ಮಾಡ್ತೀರಿ. ಏನು ವ್ಯತ್ಯಾಸ?"

ಅವನು ಬೆಚ್ಚಿದ. ತಲೆ ತಗ್ಗಿಸಿದ. ಆಮೇಲೆ ತಲೆಯೆತ್ತಿ, ಅವಳ ಕಣ್ಣಲ್ಲಿ ಕಣ್ಣಿಟ್ಟ.

"ತಪ್ಪಾಯ್ತು. ಈಗ ಕೇಳ್ತೀನಿ. ನನಗೆ ನೀವು ಇಷ್ಟ. ಗುಜರಿ ಅಂಗಡಿ ಬಾಗಿಲಲ್ಲಿ ಕಿತ್ತಾಡಿದಾಗಿಂದ ಇಷ್ಟ. ಮೂರು ಗಂಟೆ ಆದ್ರೆ ಸಾಕು, ಬೀದಿ ಕಡೆಗೇ ಕಣ್ಣು. ಗುರುವಾರದಿಂದ ಆ ಸ್ಟೂಲ್ ನೋಡೋಕಾಗ್ತಿಲ್ಲ... ನಿಮಗೆ?"

ಅವಳ ಕೆನ್ನೆ ಬಿಸಿಯಾಯಿತು. ಮೈಕಿನಲ್ಲಿ ಅವಳ ಸರದಿ ಕೂಗಿದರು.

"ಮೊದಲು ಆಡ್ಕೊಂಡು ಬರ್ತೀನಿ. ಕಾಯಿರಿ!"

ಆಡಿದಳು... ಎಲ್ಲರೂ ಎದ್ದು ನಿಂತು ನೋಡುವ ಹಾಗೆ ಆಡಿದಳು. ಕೊನೆಯ ಸುತ್ತಿನಲ್ಲಿ ನಿವೃತ್ತ ಟೈಪಿಂಗ್ ಮೇಡಂ ಒಬ್ಬರು ಅರ್ಧ ಸೆಕೆಂಡಿನಲ್ಲಿ ಅವಳನ್ನು ಹಿಂದೆ ಹಾಕಿದರು. "ಇನ್ನೂ ಬೆರಳು ಪಳಗಬೇಕು ಮಗಳೇ," ಎಂದು ಬೆನ್ನು ತಟ್ಟಿದರು. ಸೋತು ಇಷ್ಟೊಂದು ನಕ್ಕಿದ್ದು ಅವಳಿಗೆ ನೆನಪಿಲ್ಲ.

ಫೋನ್ ಹೊಡೆದುಕೊಂಡಿತು. ಅಣ್ಣ. ದನಿ ಇಳಿದಿತ್ತು. "ಊಟಕ್ಕಾದ್ರೂ ಬರ್ತೀಯಾ?"

"ಬರ್ತೀನಣ್ಣ. ಒಬ್ಬಳೇ ಅಲ್ಲ. ಇನ್ನೊಂದು ತಟ್ಟೆ ಹಾಕೋಕೆ ಹೇಳು."

ಪಕ್ಕದಲ್ಲಿದ್ದ ಮೌನಿ ತಟ್ಟನೆ ಅವಳತ್ತ ತಿರುಗಿದ.

"ಅಂದ್ರೆ... ಉತ್ತರ?" ಎಂದ.

"ನೀವೇ ಅರ್ಥ ಮಾಡ್ಕೊಳ್ಳಿ."

"ಊಹೂಂ. ನೀವೂ ಬಾಯಿಬಿಟ್ಟೇ ಹೇಳಬೇಕು."

ಅವಳು ಸುತ್ತ ನೋಡಲಿಲ್ಲ. ಅಷ್ಟು ಜನರ ನಡುವೆ, ಬೆಸುಗೆಯ ಕಲೆಯಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಇಷ್ಟ. ತುಂಬಾ ಇಷ್ಟ. ಸಾಕಾ?"

"ಸಾಲಲ್ಲ," ಎಂದ ಅವನು. ಅವಳ ಕೈಯನ್ನು ಮಾತ್ರ ಬಿಡಲಿಲ್ಲ.