ಕರಡಿ ಜೊತೆ ಹನ್ನೆರಡು ಪೆನ್ಸಿಲ್

ಫೋರ್ಕ್‌ಲಿಫ್ಟ್‌ನ ಎರಡು ಕಬ್ಬಿಣದ ಕೋಲುಗಳು ನೇರ ನನ್ನ ಎದೆ ಮಟ್ಟಕ್ಕೆ ಬಂದು ನಿಂತವು!

ಹಿಂದೆ ಕಂಟೇನರ್. ಕಂಕುಳಲ್ಲಿ ಒಂದು ಬಣ್ಣದ ಡಬ್ಬಿ, ಅದರ ಕಾಗದಪತ್ರ.

“ಸಾರ್, ಡಬ್ಬಿ ಮುಚ್ಚಿ ಸಹಿ ಹಾಕಿ,” ಎಂದ ಡ್ರೈವರ್.

“ಇದರಲ್ಲಿ ಏನಿದೆ ಗೊತ್ತಾ?”

“ಪೆನ್ಸಿಲ್ಲು.”

“ಪೆನ್ಸಿಲ್ಲಿಗೋಸ್ಕರ ಯಾರಾದ್ರೂ ಕೊಲೆ ಮಾಡ್ತಾರಾ?”

ಅವನು ಒಂದು ಕ್ಷಣ ಯೋಚಿಸಿದ. ನನಗಷ್ಟೇ ಸಾಕಿತ್ತು. ಕೋಲುಗಳ ಕೆಳಗೆ ನುಸುಳಿ ಕಾಲಿಗೆ ಬುದ್ಧಿ ಹೇಳಿದೆ!

ನಾನು ಕಸ್ಟಮ್ಸ್‌ನಲ್ಲಿ ಸರಕು ಪರೀಕ್ಷಿಸುವವನು. ಇಪ್ಪತ್ತೆರಡು ವರ್ಷ ಸರ್ವೀಸು. ಚಿನ್ನ ಹಿಡಿದಾಗಲೂ ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಈಗ ನೋಡಿ... ಮಕ್ಕಳ ಪೆನ್ಸಿಲ್ ಸೆಟ್ಟಿಗೆ!

ಡಬ್ಬಿಯಲ್ಲಿ ಹನ್ನೆರಡು ಪೆನ್ಸಿಲ್, ರಬ್ಬರ್, ಸ್ಕೇಲ್. ಜೊತೆಗೆ ಹೊಟ್ಟೆ ಒತ್ತಿದರೆ ಹಾಡುವ ಪುಟ್ಟ ಕರಡಿ. ಕಾಗದದಲ್ಲಿ ‘ಸ್ಟೇಷನರಿ ಸೆಟ್’ ಎಂದಿತ್ತು. ನಮ್ಮ ನಿಯಮ ಸರಳ. ಒಂದೇ ಡಬ್ಬಿಯಲ್ಲಿ ಹಲವು ವಸ್ತುಗಳಿದ್ದರೆ, ಮುಖ್ಯವಾದದ್ದು ಯಾವುದೋ ಅದರ ಹೆಸರೇ ಇಡೀ ಡಬ್ಬಿಗೆ. ಪೆನ್ಸಿಲ್ ಮುಖ್ಯ ಅಂದರೆ ಸ್ಟೇಷನರಿ, ಸಲೀಸಾಗಿ ಹೊರಗೆ. ಕರಡಿ ಮುಖ್ಯ ಅಂದರೆ ಆಟಿಕೆ... ಸುರಕ್ಷತಾ ಪರೀಕ್ಷೆ ಪಾಸಾಗಬೇಕು.

ಈ ಕರಡಿ ಜನ್ಮದಲ್ಲಿ ಪಾಸಾಗುತ್ತಿರಲಿಲ್ಲ. ಬೆನ್ನಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲ. ಉಗುರು ತಾಗಿಸಿದರೆ ಬಟನ್ ಬ್ಯಾಟರಿ ಕೈಗೆ! ಮಗು ನುಂಗಿದರೆ ಗಂಟಲು ಒಳಗಿನಿಂದಲೇ ಸುಡುತ್ತದೆ. ಅಂಥ ನಲವತ್ತು ಸಾವಿರ ಡಬ್ಬಿಗಳು ನನ್ನ ಸಹಿಗೆ ಕಾಯುತ್ತಿದ್ದವು.

ಲಾರಿ ತೂಗುವ ಶೆಡ್ಡಿನಲ್ಲಿ ಅಡಗಿದೆ. ಕಾಗದದ ಮೊದಲ ಪುಟದಲ್ಲಿ ಕಂಪನಿಯ ಹೆಸರಷ್ಟೇ ಇತ್ತು. ಕೊನೆಯ ಪುಟ ತಿರುಗಿಸಿದೆ. ಕಂಪನಿ ಪರವಾಗಿ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಸಹಿ... ದುಂಡನೆಯ ಅಕ್ಷರ.

ಆ ಅಕ್ಷರ ನೋಡಿಯೇ ನಾನು ಬರೆಯಲು ಕಲಿತದ್ದು.

ಅಕ್ಕ!

ನನಗೆ ಎರಡು ವರ್ಷವಿದ್ದಾಗ ಅಮ್ಮ ತೀರಿಹೋದಳು. ಅಕ್ಕನಿಗೆ ಹದಿನಾಲ್ಕು. ಉಣಿಸಿದವಳು, ಮಲಗಿಸಿದವಳು, ಇದ್ದ ಒಂದು ಪೆನ್ಸಿಲನ್ನು ಮುರಿದು ಉದ್ದದ ತುಂಡನ್ನು ನನಗೆ ಕೊಟ್ಟವಳು. ಎದೆ ಒಡೆದುಹೋಯಿತು ಸ್ವಾಮಿ. ಅಲ್ಲೇ ಕೂತು ಅತ್ತುಬಿಟ್ಟೆ.

ಅವಳ ಆಫೀಸು ಗೇಟಿನೆದುರಿನ ಮಹಡಿಯಲ್ಲಿ. ಡಬ್ಬಿ ಸಮೇತ ನೇರ ಅಲ್ಲಿಗೆ ಹೋದೆ. ಅವಳ ಮೂರು ವರ್ಷದ ಮೊಮ್ಮಗಳು ನೆಲದ ಮೇಲೆ ಆಡುತ್ತಿದ್ದಳು.

“ಆ ಡ್ರೈವರ್‌ನ ಕಳಿಸಿದ್ದು ನೀನಾ?”

“ಹೆದರಿಸೋಕೆ ಅಷ್ಟೇ ಹೇಳಿದ್ದೆ ಕಣೋ... ಪೆಟ್ಟಾಯ್ತಾ?”

“ಆಯ್ತು. ಅವನಿಂದಲ್ಲ.”

ಅವಳು ಕಣ್ಣು ತಪ್ಪಿಸಿದಳು. “ಹನ್ನೆರಡು ಪೆನ್ಸಿಲ್ಲು, ಒಂದೇ ಒಂದು ಕರಡಿ. ಸ್ಟೇಷನರಿ ಅಂತ ಬರೆದುಬಿಡೋ. ಇಲ್ಲಾಂದ್ರೆ ಸುಳ್ಳು ಕಾಗದ ಕೊಟ್ಟೆ ಅಂತ ನನ್ನ ಲೈಸೆನ್ಸ್ ಹೋಗುತ್ತೆ.”

ನಾನು ಬೆನ್ನು ತಿರುಗಿಸಿ ಕರಡಿಯ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡೆ. ಮುಚ್ಚಳ ಒತ್ತಿ, ಡಬ್ಬಿಯನ್ನು ಮಗುವಿನ ಮುಂದಿಟ್ಟೆ.

“ಏನು ಮಾಡ್ತಿದ್ದೀಯೋ?”

“ವರ್ಗೀಕರಣ.”

ಮಗು ಡಬ್ಬಿ ಸುರುವಿತು. ಪೆನ್ಸಿಲ್‌ಗಳು ಮೇಜಿನಡಿಗೆ ಉರುಳಿದವು. ಅದು ಅತ್ತ ತಿರುಗಿಯೂ ನೋಡಲಿಲ್ಲ.

“ತಾತಾ, ಕರಡಿ ನಂದು!”

ಕರಡಿಯ ಬೆನ್ನನ್ನು ಉಗುರಿನಿಂದ ಕೆರೆಯಿತು. ಟಕ್! ಮುಚ್ಚಳ ಬಿತ್ತು. ಪುಟ್ಟ ಬೆರಳು ಒಳಗೆ ಹೋಯಿತು... ಅಲ್ಲಿಂದ ನೇರ ಬಾಯಿಗೆ!

ಅಕ್ಕ ಕುರ್ಚಿ ಬೀಳಿಸಿಕೊಂಡು ಓಡಿ ಬಂದು ಮಗುವನ್ನು ಬಾಚಿಕೊಂಡಳು. “ಬಾಯಿ ತೆಗಿ ಪುಟ್ಟಾ! ಬಾಯಿ ತೆಗಿ!”

ನಾನು ಜೇಬಿನಿಂದ ಕೈ ತೆಗೆದು, ಅಂಗೈ ಬಿಚ್ಚಿ ಬ್ಯಾಟರಿ ತೋರಿಸಿದೆ.

ಅವಳು ಮಗುವನ್ನು ಎದೆಗೊತ್ತಿಕೊಂಡೇ ಇದ್ದಳು. ಆಮೇಲೆ ತನ್ನದೇ ಪೆನ್ನನ್ನು ನನ್ನ ಕಡೆ ತಳ್ಳಿದಳು.

“ಬರಿ. ಆಟಿಕೆ ಅಂತಲೇ ಬರಿ.”

ಬರೆದೆ. ಅವಳ ಮೂವತ್ತು ವರ್ಷದ ಲೈಸೆನ್ಸು ನಾಲ್ಕು ಸಾಲಿನಲ್ಲಿ ಮುಗಿಯಿತು. ಕಣ್ಣು ಮಂಜಾಗಿ ಕೊನೆಯ ಕಾಲಂ ಕಾಣಿಸಲೇ ಇಲ್ಲ, ಒರೆಸಿಕೊಂಡು ಓದಿದೆ. ‘ಏಜೆಂಟರಿಗೂ ಪರೀಕ್ಷಕರಿಗೂ ಸಂಬಂಧ?’

‘ಅಕ್ಕ’ ಎಂದು ತುಂಬಿಸಿ ಸಹಿ ಹಾಕಿದೆ.

ಆ ರಿಪೋರ್ಟಿನಲ್ಲಿರುವ ತಪ್ಪು ವರ್ಗೀಕರಣ ಅದೊಂದೇ... ‘ಅಮ್ಮ’ ಎಂದು ಬರೆಯಬೇಕಿತ್ತು!